‘ವೂಡೂ ಚೈಲ್ಡ್’: ಮೊದಲು ಕೇಳಿ, ಆಮೇಲೆ ನುಡಿಸಿ

ಅಮೆರಿಕದ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ನ ‘ವೂಡೂ ಚೈಲ್ಡ್ – ಸ್ಲೈಟ್ ರಿಟರ್ನ್’ ಕಲಿಸಿ ಅಂತ ನನ್ನ ಹತ್ತಿರ ಬರುವವರು ಸಾಮಾನ್ಯವಾಗಿ ವಾ ಪೆಡಲ್ (ಗಿಟಾರಿನ ಸದ್ದನ್ನು ಕಾಲಿನಿಂದ ಬದಲಿಸುವ ಸಾಧನ) ಹಿಡಿದುಕೊಂಡೇ ಬರುತ್ತಾರೆ. ಅದು ಸದ್ಯಕ್ಕೆ ಚೀಲದಲ್ಲೇ ಇರಲಿ ಅನ್ನುತ್ತೇನೆ. ಈ ಹಾಡಿಗೊಂದು ಅಣ್ಣ ಇದ್ದಾನೆ. ಮೊದಲು ಅವನನ್ನು ಕೇಳಬೇಕು.

ಅಣ್ಣನ ಹೆಸರು ‘ವೂಡೂ ಚೈಲ್’. ಉದ್ದ 15 ನಿಮಿಷ. ಎರಡೂ 1968ರ ‘ಎಲೆಕ್ಟ್ರಿಕ್ ಲೇಡಿಲ್ಯಾಂಡ್’ ಆಲ್ಬಮ್‌ನಲ್ಲಿವೆ. ಆ ವರ್ಷದ ಮೇ ತಿಂಗಳ ಆರಂಭದಲ್ಲಿ, ನ್ಯೂಯಾರ್ಕಿನ ರೆಕಾರ್ಡ್ ಪ್ಲಾಂಟ್ ಸ್ಟುಡಿಯೋದಲ್ಲಿ, ಬೆನ್ನು ಬೆನ್ನಿಗೆ ಹುಟ್ಟಿದವು. ಉದ್ದದ ಹಾಡಿನಲ್ಲಿ ಸ್ಟೀವ್ ವಿನ್‌ವುಡ್ ಹ್ಯಾಮಂಡ್ ಆರ್ಗನ್ ನುಡಿಸಿದ್ದಾನೆ, ಜ್ಯಾಕ್ ಕ್ಯಾಸಡಿ ಬೇಸ್, ಮಿಚ್ ಮಿಚೆಲ್ ಡ್ರಮ್ಸ್. ರಾತ್ರಿ ಹೊತ್ತು ಆತುರವಿಲ್ಲದೆ ಕೇಳಿ. ಹೆಂಡ್ರಿಕ್ಸ್ ಹಾಡುವ ಸಾಲನ್ನೇ ಅವನ ಗಿಟಾರ್ ಕೂಡ ಜೊತೆಜೊತೆಗೆ ನುಡಿಸುತ್ತಿರುತ್ತದೆ. ಇದು ಮಿಸಿಸಿಪ್ಪಿಯ ಹಳೇ ಬ್ಲೂಸ್ (ಅಮೆರಿಕದ ಕಪ್ಪು ಜನರ ಸಂಗೀತ) ಹಾಡುಗಾರರ ದಾರಿ. ಹೆಂಡ್ರಿಕ್ಸ್ ಅದನ್ನು ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಕಡೆಯಿಂದ ಕಲಿತ.

ಅರ್ಥವೂ ಅಲ್ಲಿಂದಲೇ ಬಂದಿದೆ. ವೂಡೂ ಅನ್ನೋದು ಪಶ್ಚಿಮ ಆಫ್ರಿಕಾದಿಂದ ಗುಲಾಮರ ಜೊತೆ ಹೈಟಿಗೆ, ಲೂಯಿಸಿಯಾನಾಕ್ಕೆ ಬಂದ ನಂಬಿಕೆ. ಬ್ಲೂಸ್‌ನಲ್ಲಿ ಹಾಡುಗಾರ ತಾನು ಮಂತ್ರಬಲದಿಂದ ಹುಟ್ಟಿದವನು ಅಂತ ಕೊಚ್ಚಿಕೊಳ್ಳುವುದು ಹಳೇ ರೂಢಿ. 1954ರಲ್ಲಿ ಮಡ್ಡಿ ವಾಟರ್ಸ್ ಹಾಡಿದ ‘ಹೂಚಿ ಕೂಚಿ ಮ್ಯಾನ್’ ಕೇಳಿದರೆ ಗೊತ್ತಾಗುತ್ತದೆ. ಕೈಯಲ್ಲಿ ಏನೂ ಇಲ್ಲದ ಜನ ಹಾಡಿನಲ್ಲಾದರೂ ದೊಡ್ಡವರಾಗುತ್ತಿದ್ದರು. ಹೆಂಡ್ರಿಕ್ಸ್ ಬೆಟ್ಟದ ಪಕ್ಕ ನಿಂತು ಅಂಗೈ ಅಂಚಿನಿಂದ ಅದನ್ನು ಕಡಿದು ಹಾಕುತ್ತೇನೆ ಅನ್ನುವುದು ಅದೇ ಸಾಲಿನ ಮಾತು. ಇದು ಸೈಕೆಡೆಲಿಕ್ (ಭ್ರಮಾಲೋಕದಂಥ) ಸಂಗೀತ ಅಂದಕೂಡಲೇ ಎಲ್ಲವನ್ನೂ ಡ್ರಗ್ಸ್ ಲೆಕ್ಕಕ್ಕೆ ಬರೆಯುವುದು ನನಗೆ ಒಪ್ಪಿಗೆಯಿಲ್ಲ.

ಈಗ ಚಿಕ್ಕ ಹಾಡು. ಐದು ನಿಮಿಷ ಚಿಲ್ಲರೆ, ಆಲ್ಬಮ್‌ನ ಕೊನೆಯದು. ಬೇಸ್ ಇಲ್ಲಿ ನೋಯೆಲ್ ರೆಡಿಂಗ್. ಹೆಡ್‌ಫೋನ್ ಹಾಕಿಕೊಳ್ಳಿ, ಗಿಟಾರ್ ಎಡಕಿವಿಯಿಂದ ಬಲಕಿವಿಗೆ ಓಡಾಡುವುದು ಫೋನ್ ಸ್ಪೀಕರ್‌ನಲ್ಲಿ ಗೊತ್ತೇ ಆಗುವುದಿಲ್ಲ. ಬೆಟ್ಟದ ಸಾಲನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ನೀವು ಎರಡನೇ ಚರಣಕ್ಕೆ ಕಿವಿ ಕೊಡಿ. ನಿನ್ನ ಸಮಯವನ್ನೆಲ್ಲ ನಾನೇ ತಗೊಂಡೆ, ಒಂದು ದಿನ ವಾಪಸ್ ಕೊಡ್ತೇನೆ ಅನ್ನುತ್ತಾನೆ. ಈ ಲೋಕದಲ್ಲಿ ಸಿಗದಿದ್ದರೆ ಮುಂದಿನ ಲೋಕದಲ್ಲಿ ಸಿಗೋಣ, ತಡ ಮಾಡಬೇಡ ಅನ್ನುತ್ತಾನೆ. ಬೆಟ್ಟ ಕಡಿಯುವವನು ಇಷ್ಟು ಮೆತ್ತಗೆ ಮಾತಾಡ್ತಾನಲ್ವಾ! ನನಗೆ ಹಾಡಿನ ಜೀವ ಇರುವುದು ಇಲ್ಲೇ. ಅವನು ತೀರಿಕೊಂಡಿದ್ದು 1970ರ ಸೆಪ್ಟೆಂಬರ್ 18ರಂದು, 27ನೇ ವಯಸ್ಸಿನಲ್ಲಿ. ಆ ನವೆಂಬರಿನಲ್ಲಿ ಇದೇ ಹಾಡು ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತು.

ಗಿಟಾರ್ ತಗೊಳ್ಳಿ. ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿ. ತಂತಿ ಸಡಿಲವಾಗುವುದರಿಂದ ಬೆಂಡ್ ಮಾಡುವುದು (ತಂತಿ ಎಳೆದು ಸ್ವರ ಏರಿಸುವುದು) ಸುಲಭ, ರೆಕಾರ್ಡಿಂಗ್ ಜೊತೆ ಶ್ರುತಿಯೂ ಕೂಡುತ್ತದೆ. ಶುರುವಿನ ಆ ‘ಚಕಚಕ’ ಸದ್ದಿನಲ್ಲಿ ಸ್ವರವೇ ಇಲ್ಲ. ಎಡಗೈ ಬೆರಳುಗಳನ್ನು ತಂತಿಗಳ ಮೇಲೆ ಸುಮ್ನೆ ಇಡಿ, ಒತ್ತಬೇಡಿ. ಒಂದೇ ಬೆರಳಿಟ್ಟರೆ ಕೆಲವು ಕಡೆ ಹಾರ್ಮೋನಿಕ್ (ಗಂಟೆಯಂಥ ಸಣ್ಣ ಸ್ವರ) ಕೇಳಿಸಿಬಿಡುತ್ತದೆ, ಎರಡು ಮೂರು ಬೆರಳು ಇರಲಿ. ಬಲಗೈ ಮಣಿಕಟ್ಟು ಸಡಿಲ ಬಿಟ್ಟು, ಒಂದು ಬೀಟಿಗೆ ನಾಲ್ಕರಂತೆ ಮೇಲೆ ಕೆಳಗೆ ಆಡಿಸುತ್ತಿರಿ. ತಂತಿಗೆ ತಾಗದಿದ್ದಾಗಲೂ ಕೈ ನಿಲ್ಲಬಾರದು. ಮೆಟ್ರೋನೋಮ್ (ಲಯ ತೋರಿಸುವ ಯಂತ್ರ) ನಿಮಿಷಕ್ಕೆ 60 ಬೀಟಿಗಿಟ್ಟು ಶುರುಮಾಡಿ. ಹಾಡಿನ ವೇಗ 90ರ ಆಸುಪಾಸು, ಅಲ್ಲಿಗೆ ಹೋಗಲು ಅವಸರ ಬೇಡ.

ಕೈ ತಾನಾಗಿ ಓಡತೊಡಗಿದ ಮೇಲೆ ಪೆಡಲ್ ಹೊರಗೆ ತೆಗೆಯಿರಿ. ಹಿಮ್ಮಡಿ ಒತ್ತಿದರೆ ಸದ್ದು ದಪ್ಪ, ಮುಂಗಾಲು ಒತ್ತಿದರೆ ಚೂಪು. ಪಾದ ಬೀಟಿನ ಜೊತೆ ನಿಧಾನವಾಗಿ ಹೋಗಬೇಕು, ಕೈಯ ವೇಗಕ್ಕೆ ಸೇರಬಾರದು. ಹೆಚ್ಚಿನವರು ಎಡವುವುದು ಇಲ್ಲೇ. ಕೈ ಜೋರಾದ ಹಾಗೆ ಕಾಲೂ ಜೋರಾಗುತ್ತದೆ, ಆಗ ಮಾತಾಡುವಂಥ ಆ ಸದ್ದು ಕೆಟ್ಟುಹೋಗುತ್ತದೆ. ಕಾಲನ್ನೊಂದನ್ನೇ ಬೇರೆಯಾಗಿ ಅಭ್ಯಾಸ ಮಾಡಿ.

ಆಮೇಲೆ ರಿಫ್, ಅಂದರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ಸಾಲು. ಅದರ ಅಡಿಪಾಯ ಇ ಮೈನರ್ ಪೆಂಟಾಟೋನಿಕ್: ಇ, ಜಿ, ಎ, ಬಿ, ಡಿ. ಕರ್ನಾಟಕ ಸಂಗೀತ ಕಲಿತವರು ಸ ಗ ಮ ಪ ನಿ ಅಂತ ಹಾಡಿ ನೋಡಿ, ಶುದ್ಧ ಧನ್ಯಾಸಿ ರಾಗದ ಸ್ವರಗಳು ಸಿಗುತ್ತವೆ. ಆದರೆ ಗಾಂಧಾರವನ್ನು ಹೆಂಡ್ರಿಕ್ಸ್ ಇದ್ದಲ್ಲಿ ಬಿಡುವುದಿಲ್ಲ. ಸಾಧಾರಣ ಗಾಂಧಾರಕ್ಕೂ ಅದರ ಮೇಲಿನ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ಎಳೆದು ನಿಲ್ಲಿಸುತ್ತಾನೆ. ಫ್ರೆಟ್ ಆ ಜಾಗ ತೋರಿಸುವುದಿಲ್ಲ, ಗಿಟಾರ್ ಲಿಪಿಯಾದ ಟ್ಯಾಬ್‌ನಲ್ಲೂ ಸರಿಯಾಗಿ ಬರೆಯಲಾಗುವುದಿಲ್ಲ. ಮೊದಲು ಬಾಯಲ್ಲಿ ಹಾಡಿ, ಆಮೇಲೆ ತಂತಿಯನ್ನು ಅಲ್ಲಿಗೆ ಎಳೆಯಿರಿ. ಈ ಒಂದು ಸ್ವರಕ್ಕೆ ಎಷ್ಟು ದಿನ ಬೇಕಾದರೂ ಕೊಡಿ.

ಸೋಲೋ ಪೂರ್ತಿ ನಕಲು ಮಾಡಲು ಹೋಗಬೇಡಿ. ಇಷ್ಟವಾದ ನಾಲ್ಕು ಬಾರ್ ಕಲಿತು, ಉಳಿದದ್ದನ್ನು ಅದೇ ಐದು ಸ್ವರಗಳಲ್ಲಿ ನಿಮ್ಮದೇ ಮಾಡಿಕೊಳ್ಳಿ. ಎರಡನೇ ಚರಣ ಹಾಡುವಾಗ ಮಾತ್ರ ಗಿಟಾರಿನ ವಾಲ್ಯೂಮ್ ನಾಬ್ ಸ್ವಲ್ಪ ಇಳಿಸಿ. ಮಾತು ಕೇಳಿಸಬೇಕು.