ಸೆಟ್‌ಎನ್ವ್ ಸೋರಿಕೆ: ಜಿಲಿಬ್‌ಸಿಯನ್ನು ಮುಟ್ಟದೆ ನಿಲ್ಲಿಸಿದ ಬಗೆ

ನಮ್ಮ ಸರ್ವರ್‌ನ ಮೆಮೊರಿ ದಿನದಿನಕ್ಕೂ ಸೋರುತ್ತಿತ್ತು. ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯನ್ನೇ ಪ್ಯಾಚ್ ಮಾಡದೆ ಈ ಸೋರಿಕೆ ನಿಲ್ಲದು ಎಂದು ತಂಡದವರೆಲ್ಲ ಪಟ್ಟು ಹಿಡಿದಿದ್ದರು. ಈಗ ಸರ್ವರ್ ತಿಂಗಳುಗಟ್ಟಲೆ ರೀಸ್ಟಾರ್ಟ್ ಇಲ್ಲದೆ ಓಡುತ್ತಿದೆ. ಜಿಲಿಬ್‌ಸಿಯ ಒಂದು ಸಾಲನ್ನೂ ನಾನು ತಿದ್ದಿಲ್ಲ.

ನಮ್ಮ ಪ್ರೋಗ್ರಾಂ ಪ್ರತಿ ರಿಕ್ವೆಸ್ಟ್‌ಗೂ ಹೊಸ ಐಡಿಯೊಂದನ್ನು ಸೆಟ್‌ಎನ್ವ್ ಮಾಡಿ (ಎಂದರೆ ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ ಇಟ್ಟು), ಚಿತ್ರ ಕುಗ್ಗಿಸುವ ಚೈಲ್ಡ್ ಪ್ರೊಸೆಸ್ ಹುಟ್ಟಿಸುತ್ತಿತ್ತು. 36 ಅಕ್ಷರದ ಐಡಿ, ಹೆಸರೂ ಸೇರಿ 48 ಬೈಟ್. ಮೆಮೊರಿ ಹಂಚುವ ಮ್ಯಾಲಕ್ ಅದಕ್ಕೆ 64 ಹಿಡಿಯುತ್ತದೆ. ಜಿಲಿಬ್‌ಸಿ ಹಳೆಯ ಮೌಲ್ಯಗಳನ್ನು ಫ್ರೀ (ಬಿಡುಗಡೆ) ಮಾಡದೆ ಕಾಪಿಟ್ಟುಕೊಳ್ಳುವ ಟ್ರೀಯ ನೋಡ್‌ಗೆ ಇನ್ನೊಂದು 32. ಸೆಕೆಂಡಿಗೆ ನೂರರ ಆಸುಪಾಸು ರಿಕ್ವೆಸ್ಟ್ ಎಂದರೆ ದಿನಕ್ಕೆ 800 ಎಂಬಿ ನುಂಗಿಹೋಗುತ್ತಿತ್ತು. ಟೆಸ್ಟ್‌ನಲ್ಲಿ ಐಡಿ ಒಂದೇ ಆದ್ದರಿಂದ ಟ್ರೀಯಲ್ಲಿದ್ದ ಹಳೆಯ ಪ್ರತಿಯೇ ಮರುಬಳಕೆಯಾಗಿ ಏನೂ ಸೋರುತ್ತಿರಲಿಲ್ಲ!

ಸೋರಿಕೆ ಪತ್ತೆಮಾಡುವ ವಾಲ್‌ಗ್ರೈಂಡ್ ಕೂಡ ಕೈಕೊಟ್ಟಿತು. ಮುಗಿಯುವಾಗ ಅದು ತಾನೇ, ಲೈಬ್ರರಿ ಹಿಡಿದಿಟ್ಟ ಮೆಮೊರಿಯನ್ನು ಬಿಡಿಸುವ ಲಿಬ್‌ಸಿ ಫ್ರೀರೆಸ್ ಕರೆದು ಕುರುಹನ್ನೆಲ್ಲ ಗುಡಿಸಿಬಿಡುತ್ತದೆ. ಹಾಗೆ ಕರೆಯುವ ಆಯ್ಕೆಗೆ 'ನೋ' ಕೊಟ್ಟ ಮೇಲಷ್ಟೇ 'ಸ್ಟಿಲ್ ರೀಚಬಲ್' (ಬಿಡಿಸದೆ ಉಳಿದ, ಇನ್ನೂ ಕೈಗೆಟಕುವ ಮೆಮೊರಿ) ಸಾಲಿನಲ್ಲಿ ರಾಶಿ ಕಾಣಿಸಿತು. ಅಲ್ಲಿಯವರೆಗೆ ದೊಡ್ಡ ಮೆಷಿನ್‌ಗೆಂದು ತಿಂಗಳಿಗೆ ಹದಿನೆಂಟು ಸಾವಿರದಷ್ಟು ಹೆಚ್ಚುವರಿ ಬಾಡಿಗೆ, ನಾಲ್ಕೈದು ತಿಂಗಳು ದಂಡವಾಯಿತು. ಮೆಮೊರಿ ಹಂಚುವ ಬೇರೊಂದು ಅಲೊಕೇಟರ್ ಆದ ಜೆಮ್ಯಾಲಕ್ ಹಾಕಿ ನೋಡಿದೆವು. ಹಿಡಿದಿಟ್ಟ ಮೆಮೊರಿಯನ್ನು ಯಾವ ಅಲೊಕೇಟರ್ ತಾನೆ ಬಿಡಿಸೀತು?

ಸಹೋದ್ಯೋಗಿಯೊಬ್ಬರು ಹಳೆಯ ಮೌಲ್ಯವನ್ನು ಫ್ರೀ ಮಾಡುವ ಪ್ಯಾಚ್ ಬರೆದರು. ಸಂಜೆಯೊಳಗೆ ಪ್ರೋಗ್ರಾಂ ಕುಸಿದು ಕೋರ್ ಡಂಪ್. ಇನ್ನಾವುದೋ ಲೈಬ್ರರಿ ಮೌಲ್ಯ ಓದುವ ಗೆಟ್‌ಎನ್ವ್ ಕೊಟ್ಟ ಪಾಯಿಂಟರನ್ನು, ಎಂದರೆ ಮೆಮೊರಿ ವಿಳಾಸವನ್ನು, ಬಚ್ಚಿಟ್ಟುಕೊಂಡು ಕೂತಿತ್ತು. ಜಿಲಿಬ್‌ಸಿ ಫ್ರೀ ಮಾಡದಿರುವುದು ಇಂಥವರ ಸಲುವಾಗಿಯೇ. ಯುನಿಕ್ಸ್ ಬಳಗದ ಫ್ರೀಬಿಎಸ್‌ಡಿಯ ಕೈಪಿಡಿಯಂತೂ ಇಂಥದೇ ಸೋರಿಕೆಯನ್ನು 'ಬಗ್ಸ್' ವಿಭಾಗದಲ್ಲಿ ಹಾಕಿ, ತಪ್ಪಿಸಲಾಗದ್ದು ಎಂದು ನೇರವಾಗಿ ಒಪ್ಪಿಕೊಳ್ಳುತ್ತದೆ.

ನಾನು ಮಾಡಿದ್ದಿಷ್ಟೆ: ಆರಂಭದಲ್ಲೇ ಎನ್ವಿರಾನ್ ಪಟ್ಟಿಯ (ಎಲ್ಲ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಪಟ್ಟಿ) ಪ್ರತಿ ತೆಗೆದು, ಐಡಿಗೆ ಒಂದು ಸ್ಲಾಟ್ ಮತ್ತು ಒಂದೇ ಬಫರ್ ಮೀಸಲಿಟ್ಟೆ. ಪ್ರತಿಸಲ ಆ ಬಫರ್ ಮೇಲೆಯೇ ಬರೆದು, ಪಟ್ಟಿಯನ್ನು, ಚೈಲ್ಡ್ ಪ್ರೊಸೆಸ್ ಹುಟ್ಟಿಸುವ ಪೋಸಿಕ್ಸ್ ಸ್ಪಾನ್‌ನ ಕೊನೆಯ ಆರ್ಗ್ಯುಮೆಂಟ್ ಆಗಿ ಕೊಟ್ಟೆ. ಇಪ್ಪತ್ತು ಸಾಲೂ ಇಲ್ಲ. ಪ್ರೋಗ್ರಾಂ ಹಿಡಿದ ಮೆಮೊರಿ (ಆರ್‌ಎಸ್‌ಎಸ್) 140 ಎಂಬಿ ಹತ್ತಿರ ನಿಂತುಬಿಟ್ಟಿತು. ಸೋರ್ಸ್ ಇಲ್ಲದ ಲೈಬ್ರರಿಯೊಂದು ಕದ್ದುಮುಚ್ಚಿ ಸೆಟ್‌ಎನ್ವ್ ಕರೆಯುತ್ತಿತ್ತು. ಅದನ್ನು ಕಟ್ಟಿಹಾಕಿದ ಉಪಾಯ ಸದ್ಯಕ್ಕೆ ನನ್ನಲ್ಲೇ ಇರಲಿ.

ಕುತೂಹಲಕ್ಕೆ ಹಳೆಯ ಕೋಡನ್ನೇ ಆಲ್ಪೈನ್ ಲಿನಕ್ಸ್‌ನಲ್ಲಿ ಓಡಿಸಿದೆ. ಅಲ್ಲಿನ ಸಿ ಲೈಬ್ರರಿಯಾದ ಮಸಲ್ ಹಳೆಯ ಮೌಲ್ಯವನ್ನು ಫ್ರೀ ಮಾಡುತ್ತದೆ. ಯುನಿಕ್ಸ್ ಮಾನದಂಡವಾದ ಪೋಸಿಕ್ಸ್ ಅದಕ್ಕೆ ಅಡ್ಡಿ ಹೇಳುವುದಿಲ್ಲ. ಮೆಮೊರಿ ಏರಲೇ ಇಲ್ಲ. ಆದರೆ ಗೆಟ್‌ಎನ್ವ್‌ನಿಂದ ಪಡೆದ ಹಳೆಯ ಪಾಯಿಂಟರನ್ನು ಪ್ರಿಂಟ್ ಮಾಡಿದರೆ ಬಂದದ್ದು ಬರೀ ಕಸ. ಪಾಯಿಂಟರ್ ಬಚ್ಚಿಟ್ಟುಕೊಳ್ಳುವ ಲೈಬ್ರರಿಗಳನ್ನು ಕಟ್ಟಿಕೊಂಡು ಅಲ್ಲಿಗೆ ಹೋಗುವ ಧೈರ್ಯ ನನಗಿಲ್ಲ. ದೊಡ್ಡ ಮೆಷಿನ್ ಬಿಟ್ಟುಕೊಟ್ಟು ಹಳೆಯದಕ್ಕೇ ಮರಳಿದ್ದೇವೆ.