ಕರಿಬೇವಿನ ಕುಂಡದಲ್ಲಿ ಚಿಟ್ಟೆ ಪಾಠ

ಐದಾರು ವರ್ಷದ ಮಕ್ಕಳಿಗೆ ಜೀವನಚಕ್ರ ಕಲಿಸಲು ನನಗೆ ಚಾರ್ಟಿಗಿಂತ ಕರಿಬೇವಿನ ಕುಂಡವೇ ಮೇಲು. ಮುಂಬಯಿಯ ಕನ್ನಡ ಮನೆಗಳ ಗ್ರಿಲ್‌ನಲ್ಲಿ ಅದು ಹೇಗೂ ಇರುತ್ತದೆ. ಮಳೆ ಹಿಡಿದು ಎಳೆ ಚಿಗುರು ಬಂದಾಗ ನಿಂಬೆ ಚಿಟ್ಟೆ ಅಲ್ಲಿ ಮೊಟ್ಟೆ ಇಡುತ್ತದೆ: ತಿಳಿಹಳದಿ, ದುಂಡಗೆ, ಸುಮಾರು 1 ಮಿ.ಮೀ.

ಮೊಟ್ಟೆಯಿರುವ ಕಡ್ಡಿಯನ್ನು ಕತ್ತರಿಸಿ ನೀರಿನ ಪುಟ್ಟ ಬಾಟಲಿಯಲ್ಲಿ ನಿಲ್ಲಿಸಿ, ಬಾಟಲಿಯ ಬಾಯಿಗೆ ಹತ್ತಿ ತುರುಕುತ್ತೇನೆ. ಇಲ್ಲದಿದ್ದರೆ ಹುಳು ಇಳಿದು ನೀರಿಗೆ ಬೀಳುತ್ತದೆ. ಇದನ್ನು ಅಗಲ ಬಾಯಿಯ ಜಾಡಿಯಲ್ಲಿಟ್ಟು, ಮೇಲೆ ತೆಳು ಬಟ್ಟೆ ಕಟ್ಟುತ್ತೇನೆ. ತಳಕ್ಕೆ ಕಾಗದ ಹಾಸಿ ದಿನವೂ ಬದಲಿಸಬೇಕು. ಈ ಊರಿನ ತೇವಕ್ಕೆ ಹಿಕ್ಕೆ ಬೇಗ ಬೂಷ್ಟು ಹಿಡಿಯುತ್ತದೆ. ಮಾರ್ಕೆಟ್ಟಿನ ಕರಿಬೇವು ಮಾತ್ರ ಬೇಡ. ಅದರಲ್ಲಿ ಕೀಟನಾಶಕ ಉಳಿದಿದ್ದರೆ, ತೊಳೆದರೂ ಹುಳು ಸಾಯಬಹುದು.

ಮೂರು-ನಾಲ್ಕು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಎಳೆಹುಳು ಥೇಟ್ ಹಕ್ಕಿಯ ಹಿಕ್ಕೆ. "ಗುಬ್ಬಿ ಇದನ್ನು ತಿಂದೀತಾ?" ಎಂದು ಕೇಳಿ ಸುಮ್ಮನಾಗುತ್ತೇನೆ, ಕಾರಣ ಮಕ್ಕಳೇ ಹುಡುಕಲಿ. ಪೊರೆ ಬಿಡುವ ಮೊದಲು ಹುಳು ಅಲುಗದೆ, ತಿನ್ನದೆ ಕೂರುತ್ತದೆ. ಕಾಯಿಲೆ ಬಂತೆಂದು ದೊಡ್ಡವರೇ ಕೆದಕಿ ಕೆಡಿಸುವುದು ಇಲ್ಲೇ. ಅದನ್ನು ಆಗ ಮುಟ್ಟಲೇಬಾರದು, ಬೇರೆ ಹೊತ್ತಿನಲ್ಲೂ ಎಲೆಯ ಸಮೇತವೇ ಸರಿಸಬೇಕು. ಕೊನೆಯ ಹಂತದಲ್ಲಿ ಹಸಿರಾಗುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲುಕೊಂಬು ಚಾಚಿ ವಾಸನೆ ಬಿಡುತ್ತದೆ.

ಆಮೇಲೆ ನೀರಾಗಿ ಹಿಕ್ಕೆ ಹಾಕಿ ಅತ್ತಿತ್ತ ಅಲೆಯತೊಡಗಿದರೆ ಕೋಶ ಕಟ್ಟುವ ಹೊತ್ತು ಬಂತು. ಒಣಕಡ್ಡಿಯೊಂದನ್ನು ಓರೆಯಾಗಿ ನಿಲ್ಲಿಸಿ. ಬಾಲವನ್ನು ಅಂಟಿಸಿ, ನಡುವಿಗೆ ರೇಷ್ಮೆ ನೂಲು ಸುತ್ತಿಕೊಳ್ಳುವುದನ್ನು ಮಕ್ಕಳು ಭೂತಗನ್ನಡಿಯಲ್ಲಿ ನೋಡಲಿ. ಚಿಟ್ಟೆ ಹೊರಬರಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು, ಚಳಿಗಾಲದಲ್ಲಿ ಹೆಚ್ಚೂ ಆಗಬಹುದು. ಹೊರಬಂದ ಚಿಟ್ಟೆಗೆ ರೆಕ್ಕೆ ಇಳಿಬಿಟ್ಟು ನೇತಾಡುವಷ್ಟು ಜಾಗವಿರಲಿ. ಇಲ್ಲದಿದ್ದರೆ ರೆಕ್ಕೆ ಮುದುಡಿಯೇ ಒಣಗುತ್ತದೆ. ಹೊರಬಂದ ಮೇಲೆ ಚಿಟ್ಟೆ ಕೆಂಗಂದು ದ್ರವ ಬಿಡುತ್ತದೆ. ರಕ್ತವಲ್ಲವೆಂದು ಮಕ್ಕಳಿಗೆ ಮೊದಲೇ ಹೇಳಿಡುತ್ತೇನೆ.

ಕೆಲವು ಕೋಶಗಳಿಂದ ಚಿಟ್ಟೆ ಬರುವುದೇ ಇಲ್ಲ. ಚಿಟ್ಟೆಯನ್ನೇ ಒಳಗಿಂದ ತಿಂದು ಬೆಳೆದ ಪರಾವಲಂಬಿ ಕಣಜಗಳು ಪುಟ್ಟ ತೂತು ಕೊರೆದು ಬರುತ್ತವೆ. ಅಂಥ ಕೋಶವನ್ನು ಬಚ್ಚಿಟ್ಟು ಎಸೆಯಬೇಡಿ. ಕಣಜಕ್ಕೂ ಮೊಟ್ಟೆ, ಮರಿ, ಕೋಶ ಎಲ್ಲವೂ ಉಂಟು. ಮಕ್ಕಳ ಪುಸ್ತಕದಲ್ಲಿ ಚಿಟ್ಟೆಯ ಚಕ್ರದ ಪಕ್ಕದಲ್ಲೇ ಅದರ ಚಕ್ರವನ್ನೂ ಬರೆಸುತ್ತೇನೆ.