ವಿರುದ್ಧ ಪದಗಳನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದಿಡುವ ರೀತಿ

ಇಂಗ್ಲಿಷಿನ ವಿರುದ್ಧ ಪದಗಳನ್ನು ಎರಡು ಸಾಲಾಗಿ ಬರೆದು ಉರುಹೊಡೆಯುವುದನ್ನು ನಾನು ಬಿಟ್ಟಿದ್ದೇನೆ. ‘ಲೈಟ್ ಎದುರಿಗೆ ಡಾರ್ಕ್’ ಎಂದು ಬಾಯಿಪಾಠ ಮಾಡಿದವರು ‘ಲೈಟ್ ಬ್ಯಾಗ್’ ಬಂದಾಗ ತಡವರಿಸುತ್ತಾರೆ. ಅಲ್ಲಿ ಬೇಕಾದದ್ದು ಹೆವಿ. ಹಾಗಾಗಿ ಪದವನ್ನು ಒಂಟಿಯಾಗಿ ಬರೆಯುವುದಿಲ್ಲ, ಜೊತೆಗೊಂದು ನಾಮಪದ ಇರಲೇಬೇಕು. ಓಲ್ಡ್ ಮ್ಯಾನ್–ಯಂಗ್ ಮ್ಯಾನ್, ಓಲ್ಡ್ ಶರ್ಟ್–ನ್ಯೂ ಶರ್ಟ್. ಶಾರ್ಟ್ ಮ್ಯಾನ್–ಟಾಲ್ ಮ್ಯಾನ್, ಶಾರ್ಟ್ ರೋಪ್–ಲಾಂಗ್ ರೋಪ್. ಸ್ಟ್ರಾಂಗ್ ಟೀಗೆ ವೀಕ್ ಟೀ, ಆದರೆ ಸ್ಟ್ರಾಂಗ್ ವಿಂಡ್‌ಗೆ ಲೈಟ್ ವಿಂಡ್. ಇದೇನು ಇಂಗ್ಲಿಷಿನ ಹುಚ್ಚಾಟವಲ್ಲ. ಹಸಿ ಸೌದೆಗೆ ಒಣ ಸೌದೆ, ಹಸಿ ತರಕಾರಿಗೆ ಬೆಂದ ತರಕಾರಿ ಅಂತ ನಾವೂ ಅನ್ನುತ್ತೇವಲ್ಲ.

ಆಮೇಲೆ ಪ್ರತಿ ಗುಣವಾಚಕದ ಮೊದಲು ‘ವೆರಿ’ ಇಟ್ಟು ನೋಡುತ್ತೇನೆ. ‘ವೆರಿ ಹಾಟ್’ ಸರಿಹೋಗುತ್ತದೆ. ಅಂದರೆ ಹಾಟ್–ಕೋಲ್ಡ್ ನಡುವೆ ವಾರ್ಮ್, ಕೂಲ್ ಎಂಬ ಮೆಟ್ಟಿಲುಗಳಿವೆ. ‘ನಾಟ್ ಹಾಟ್’ ಎಂದರೆ ಕೋಲ್ಡ್ ಎಂದೇ ಆಗಬೇಕಿಲ್ಲ. ಡೆಡ್–ಅಲೈವ್ ನಡುವೆ ಮೆಟ್ಟಿಲಿಲ್ಲ, ಒಂದಲ್ಲದಿದ್ದರೆ ಇನ್ನೊಂದೇ. ಮೆಟ್ಟಿಲಿರುವ ಜೋಡಿಗಳಲ್ಲಿ ಅಳತೆ ಕೇಳುವಾಗ ಸಾಮಾನ್ಯವಾಗಿ ದೊಡ್ಡ ತುದಿಯ ಪದವೇ ಬರುತ್ತದೆ. ಎರಡು ತಿಂಗಳ ಕೂಸಿಗೂ ‘ಹೌ ಓಲ್ಡ್’. ‘ಎಷ್ಟು ಎತ್ತರ’ ಅನ್ನುತ್ತೇವೆ, ‘ಎಷ್ಟು ಕುಳ್ಳ’ ಅನ್ನುವುದಿಲ್ಲ, ಅದೇ ಲೆಕ್ಕ.

ಲೆಂಡ್–ಬಾರೋ ಜೋಡಿಗೆ ಮಾತ್ರ ಬಾಣದ ಗುರುತು ಹಾಕುತ್ತೇನೆ. ಎಡವುವವರು ಹೆಚ್ಚಾಗಿ ಇಲ್ಲೇ. ಕನ್ನಡದಲ್ಲಿ ಎರಡಕ್ಕೂ ‘ಸಾಲ’ ಸಾಕು, ಕೊಡು–ತಗೋ ಅಷ್ಟೇ ಬದಲು. ಆ ಅಭ್ಯಾಸದಿಂದ ‘ಕ್ಯಾನ್ ಯು ಬಾರೋ ಮಿ ಯುವರ್ ಪೆನ್’ ಎಂಬ ತಪ್ಪು ಹುಟ್ಟುತ್ತದೆ. ವಸ್ತು ಕರ್ತೃವಿನ ಕಡೆಗೆ ಬಂದರೆ ಬಾರೋ, ಕರ್ತೃವಿನಿಂದ ಆಚೆ ಹೋದರೆ ಲೆಂಡ್. ‘ಕ್ಯಾನ್ ಐ ಬಾರೋ ಯುವರ್ ಪೆನ್’, ಇಲ್ಲವೇ ‘ಕ್ಯಾನ್ ಯು ಲೆಂಡ್ ಮಿ ಯುವರ್ ಪೆನ್’.

ಇನ್ನು ಪೂರ್ವಪ್ರತ್ಯಯಗಳು. ‘ಇನ್’ ಎಂಬುದು ಪ, ಬ, ಮ ಧ್ವನಿಗಳ ಮುಂದೆ ‘ಇಮ್’ ಆಗುತ್ತದೆ. ತುಟಿ ಮುಚ್ಚಲು ಹೊರಟ ಬಾಯಿ ನ್ ಬದಲು ಮ್ ಹೇಳಿಬಿಡುತ್ತದೆ. ಲ ಮುಂದೆ ‘ಇಲ್’, ರ ಮುಂದೆ ‘ಇರ್’: ಇಂಪಾಸಿಬಲ್, ಇಲ್ಲೀಗಲ್, ಇರ್ರೆಗ್ಯುಲರ್. ಸಂಧಿ ಕಲಿತವರಿಗೆ ಇದು ಹೊಸದೇನಲ್ಲ. ಆದರೆ ‘ಅನ್’ ಯಾರ ಮುಂದೆಯೂ ಬದಲಾಗದು: ಅನ್‌ಪಾಪ್ಯುಲರ್, ಅನ್‌ಲೈಕ್ಲಿ, ಅನ್‌ರಿಯಲ್. ‘ಇನ್’ ಲ್ಯಾಟಿನ್‌ನಿಂದ ಅಲ್ಲಿನ ಅಭ್ಯಾಸದೊಂದಿಗೇ ಬಂದದ್ದು, ‘ಅನ್’ ಇಂಗ್ಲಿಷಿನ ಸ್ವಂತದ್ದು.

ಕಾಗುಣಿತದ ಗೊಂದಲವೂ ಇಲ್ಲೇ ಬಗೆಹರಿಯುತ್ತದೆ. ಇಲ್ಲೀಗಲ್‌ನಲ್ಲಿ ಎಲ್ ಎರಡು, ಪ್ರತ್ಯಯದ್ದೊಂದು, ಪದದ್ದೊಂದು. ಡಿಸಪಿಯರ್‌ನಲ್ಲಿ ಮೂಲಪದ ಎ ಅಕ್ಷರದಿಂದ ಶುರುವಾಗುವುದರಿಂದ ಎಸ್ ಒಂದೇ, ಡಿಸ್‌ಸ್ಯಾಟಿಸ್‌ಫೈಡ್‌ನಲ್ಲಿ ಎರಡು.

ಕೊನೆಯ ಪುಟ ಮೋಸಗಾರ ಪದಗಳಿಗೆ. ಇನ್‌ಫ್ಲೇಮಬಲ್ ಎಂದರೆ ಸುಲಭವಾಗಿ ಹೊತ್ತಿಕೊಳ್ಳುವಂಥದ್ದು, ಫ್ಲೇಮಬಲ್ ಎಂದರೂ ಅದೇ. ವಿರುದ್ಧ ಬೇಕಿದ್ದರೆ ನಾನ್‌ಫ್ಲೇಮಬಲ್. ಡಬ್ಬಿಯ ಮೇಲಿನ ಈ ಪದವನ್ನು ತಪ್ಪಾಗಿ ಓದಿದರೆ ಅಂಕ ಹೋಗುವುದಷ್ಟೇ ಅಲ್ಲ. ಇನ್‌ವ್ಯಾಲ್ಯುಬಲ್, ಪ್ರೈಸ್‌ಲೆಸ್ ಎರಡೂ ಬೆಲೆ ಕಟ್ಟಲಾಗದವು, ಬೆಲೆಯಿಲ್ಲದವಲ್ಲ. ಕೇರ್‌ಫುಲ್–ಕೇರ್‌ಲೆಸ್ ನೇರ ವಿರುದ್ಧ ಎಂದು ಹೆಲ್ಪ್‌ಫುಲ್–ಹೆಲ್ಪ್‌ಲೆಸ್ ಸೇರಿಸಿದರೆ ಕೆಟ್ಟಿತು: ಮೊದಲನೆಯದು ನೆರವಾಗುವ, ಎರಡನೆಯದು ದಿಕ್ಕುತೋಚದ. ನೆರವಾಗದವರು ಅನ್‌ಹೆಲ್ಪ್‌ಫುಲ್.

ಕ್ರಿಯಾಪದಕ್ಕೆ ಹತ್ತಿದ ‘ಅನ್’ ಸಾಮಾನ್ಯವಾಗಿ ‘ಮಾಡದಿರು’ ಎನ್ನುವುದಿಲ್ಲ, ‘ಮಾಡಿದ್ದನ್ನು ಬಿಚ್ಚು’ ಎನ್ನುತ್ತದೆ. ಅನ್‌ಲಾಕ್, ಅನ್‌ಟೈ ಹೀಗೆ. ಫೋನಿನಲ್ಲಿ ಒತ್ತಿದ ಲೈಕನ್ನು ವಾಪಸ್ ತೆಗೆದರೆ ಅನ್‌ಲೈಕ್. ಇಷ್ಟವೇ ಇಲ್ಲದಿದ್ದರೆ ಡಿಸ್‌ಲೈಕ್.